ನಾಲ್ಕನೆಯ ಉಪಪ್ರಶ್ನೆ

ಬೆಲ್ಟು ಬಿಚ್ಚಿ ತಟ್ಟೆಯಲ್ಲಿಡಿ ಎಂದು ಕಾವಲಿನವನು ಹೇಳಿದಾಗ ಆರ್ವಲ್ ಹ್ಯಾನ್‌ರಾಟಿಗೆ ಒಂದು ಸಂಗತಿ ಹೊಳೆಯಿತು. ಇಪ್ಪತ್ತೆರಡು ವರ್ಷಗಳಿಂದ ತಾನು ಈ ಸಂಸತ್ತಿಗೆ ಕಾಗದ ಕಳಿಸುತ್ತ ಬಂದಿದ್ದೇನೆ, ಕಾಗದ ಬಂದಿದೆ, ತಾನು ಬಂದಿಲ್ಲ. ಒಂದು ಕೈಯಲ್ಲಿ ಸೊಂಟದ ಪ್ಯಾಂಟು, ಇನ್ನೊಂದರಲ್ಲಿ ಗುರುತಿನ ಚೀಟಿ ಹಿಡಿದು ನಿಂತವನಿಗೆ ಶಾಲೆಯಲ್ಲಿ ಹೆಡ್‌ಮಾಸ್ತರರ ಕೋಣೆಯ ಹೊರಗೆ ನಿಲ್ಲಿಸಿದ್ದ ಹಾಗನ್ನಿಸಿತು. ಬೂಟಿಗೆ ಮೆತ್ತಿದ್ದ ಹಿಮ ಕರಗಿ ಕಾಲ ಸುತ್ತ ಸಣ್ಣದೊಂದು ಕೊಳವಾಗಿತ್ತು. ಅದನ್ನು ತಾನು ಮಾಡಿದ್ದಲ್ಲ ಎನ್ನುವಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದ. "ಯಾರನ್ನ ನೋಡಕ್ಕೆ ಬಂದ್ರಿ ಸರ್?" ಎಂದ ಕಾವಲಿನವನು. "ಯಾರನ್ನೂ ಇಲ್ಲ. ಗ್ಯಾಲರಿಗೆ." "ಬಾಯಿಪ್ರಶ್ನೆ ಮುಗೀತಾ ಬಂತಲ್ಲ. ತಮಾಷೆಯೆಲ್ಲ ಆದ್ಮೇಲೆ ಬರ್ತಿದ್ದೀರಿ." "ನನಗೆ ಆಮೇಲಿನದ್ದೇ ಬೇಕಿತ್ತು." ಕಾವಲಿನವನು ಅವನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದ. "ಆಮೇಲೆ ಏನೂ ಇರಲ್ಲ ಸರ್," ಎಂದ, ಕರುಣೆಯಿಂದಲೇ.

ಆಮೇಲೆ ಇರುವುದೇ ಆರ್ವಲ್‌ನ ಜೀವಮಾನದ ಕೆಲಸ. ಬಾಯಲ್ಲಿ ಕೇಳುವ ಪ್ರಶ್ನೆಗೆ ಮಂತ್ರಿ ಬಾಯಲ್ಲೇ ಏನಾದರೂ ಅಂದು ಕೂರುತ್ತಾನೆ. ಟೀವಿಗೆ ಅಷ್ಟು ಸಾಕು. ಸದಸ್ಯರು ಬರೆದು ಕೇಳುವ ಪ್ರಶ್ನೆ ಬೇರೆ ಜಾತಿಯದು. ಅದಕ್ಕೊಂದು ಸಂಖ್ಯೆ ಬೀಳುತ್ತದೆ, (ಅ) (ಆ) (ಇ) (ಈ) ಎಂದು ಮರಿಗಳಿರುತ್ತವೆ, ನಲವತ್ತೈದು ದಿನದೊಳಗೆ ಇಲಾಖೆ ಉತ್ತರ ಕೊಡಬೇಕು. ಕೊಡಲೇಬೇಕು ಎಂದು ನಿಯಮ. ಉತ್ತರದಲ್ಲಿ ಉತ್ತರ ಇರಬೇಕೆಂದು ನಿಯಮವಿಲ್ಲ ಎಂಬುದನ್ನು ಆರ್ವಲ್ ಕೆಲಸಕ್ಕೆ ಸೇರಿದ ಎರಡನೆಯ ವರ್ಷವೇ ಕಂಡುಕೊಂಡ. ಆ ವರ್ಷವೇ ಆ ಮೂರು ಸಾಲನ್ನು ಬರೆದದ್ದು: 'ಕೇಳಿರುವ ಮಾಹಿತಿಯನ್ನು ಇಲಾಖೆಯು ಕ್ರಮಬದ್ಧವಾಗಿ ದಾಖಲಿಸಿರುವುದಿಲ್ಲ. ಕಡತಗಳನ್ನು ಒಂದೊಂದಾಗಿ ಕೈಯಿಂದ ತೆಗೆದು ನೋಡಬೇಕಾಗಿದ್ದು, ನಿಗದಿತ ಅವಧಿಯಲ್ಲಿ ಅದು ಸಾಧ್ಯವಿರುವುದಿಲ್ಲ. ಹಾಗೆ ಮಾಡಿದಲ್ಲಿ ಅಪೂರ್ಣವೂ ತಪ್ಪುಕಲ್ಪನೆಗೆ ಎಡೆಮಾಡುವಂಥದೂ ಆದ ಮಾಹಿತಿ ಹೊರಬೀಳುವ ಸಂಭವವಿದೆ.' ಮೇಲಿನವರು ಓದಿ ತಲೆದೂಗಿದರು. ಪಕ್ಕದ ಇಲಾಖೆಯವರು ಎರವಲು ಪಡೆದರು. ಈಗ ಹೊಸದಾಗಿ ಸೇರಿದವರಿಗೆ 'ಆರ್ವಲ್ ಪ್ಯಾರಾ ಹಾಕ್ಬಿಡಿ' ಎನ್ನುತ್ತಾರೆ, ಉಪ್ಪು ಹಾಕಿ ಎನ್ನುವ ಹಾಗೆ. ದೇಶಕ್ಕೆ ಎರಡು ಭಾಷೆಯಾದ್ದರಿಂದ ಇಂಗ್ಲಿಷಿನಲ್ಲೊಮ್ಮೆ, ಫ್ರೆಂಚಿನಲ್ಲೊಮ್ಮೆ, ಒಂದೇ 'ಇಲ್ಲ'ವನ್ನು ಎರಡು ಸಲ ಇಲ್ಲವೆನ್ನದೆ ಹೇಳುವುದು. ಇಷ್ಟಾದರೂ ಅವನ ಹೆಸರು ಯಾವ ಕಾಗದದ ಮೇಲೂ ಇಲ್ಲ. ಕೆಳಗೆ ನೀಲಿ ಶಾಯಿಯಲ್ಲಿ ಮಂತ್ರಿಯ ಸಹಿ. ಮಂತ್ರಿಗಳು ಒಂಬತ್ತು ಮಂದಿ ಬಂದುಹೋದರು. ಮೊದಲು ಗಂಟಲು ಸರಿಮಾಡಿಕೊಂಡು ಆಮೇಲೆ ಕೆಮ್ಮಿ ಕೊನೆಗೆ ಏನೂ ಹೇಳದವನೊಬ್ಬ. ವಾಕ್ಯದ ಬಾಲ ನುಂಗುವವನೊಬ್ಬ. ಪ್ರತಿ ಮಾತಿಗೂ 'ಸ್ಪಷ್ಟವಾಗಿ ಹೇಳ್ತೀನಿ' ಎಂದು ಮಂಜು ಕವಿಸುತ್ತಿದ್ದವಳೊಬ್ಬಳು. ಒಂಬತ್ತು ಗಂಟಲೂ ಆರ್ವಲ್‌ನ ಗಂಟಲಲ್ಲಿತ್ತು. ಕ್ರಿಸ್‌ಮಸ್ ಊಟವಾಗಿ ರೈ ವಿಸ್ಕಿ ಸುತ್ತು ಬಂದಾಗ ಅಣ್ಣ ಕ್ಲೆಮ್ ಮೇಜು ಗುದ್ದಿ "ಕರೀರಿ ಮಂತ್ರೀನ!" ಎನ್ನುತ್ತಿದ್ದ, ಆರ್ವಲ್ ಎದ್ದು ನಿಂತು, ಟರ್ಕಿ ಕೋಳಿಯ ಮೂಳೆಯನ್ನು ಮೈಕಿನಂತೆ ಹಿಡಿದು, ಈ ಬಾರಿ ಟರ್ಕಿ ಒಣಗಿದ್ದೇಕೆ ಎಂಬ ಮಾನ್ಯ ಸದಸ್ಯೆ ಬರ್ನಿಸ್ ಅವರ ಪ್ರಶ್ನೆಗೆ ಉತ್ತರ ಕೊಡುತ್ತಿದ್ದ. ಅತ್ತಿಗೆ ಬರ್ನಿಸ್ ಕರವಸ್ತ್ರ ಎಸೆಯುತ್ತಿದ್ದಳು. ಕ್ಲೆಮ್ ನಕ್ಕು ನಕ್ಕು ಕೆಮ್ಮುತ್ತಿದ್ದ. "ಈಗ ನನ್ನ ಥರ ಮಾಡು ನೋಡಣ," ಎಂದು ಕೇಳುತ್ತಿದ್ದ ಪ್ರತಿ ವರ್ಷ. ಅದೊಂದು ಬರುತ್ತಿರಲಿಲ್ಲ. ಎಷ್ಟು ಕಿವಿಗೊಟ್ಟರೂ ಅಣ್ಣನ ಮಾತಿನಲ್ಲಿ ಹಿಡಿದುಕೊಳ್ಳಲು ಒಂದು ಕೊಕ್ಕೆಯೂ ಸಿಗುತ್ತಿರಲಿಲ್ಲ. "ನಿನ್ನ ಮಾತಲ್ಲಿ ಅಣಕಿಸೋಂಥದ್ದು ಏನೂ ಇಲ್ವಲ್ಲೋ, ಏನ್ ಮಾಡ್ಲಿ," ಎಂದು ತಪ್ಪಿಸಿಕೊಳ್ಳುತ್ತಿದ್ದ.

ಗ್ಯಾಲರಿಯ ಮೆಟ್ಟಿಲಲ್ಲಿ ಇಳಿಯುವವರ ಹೊಳೆ. ಶಾಲಾಮಕ್ಕಳು, ಟೀಚರು, ಕ್ಯಾಮೆರಾ ಕೆಳಗೆ ಒಪ್ಪಿಸಿ ಕೊರಳು ಬರಿದಾದ ಪ್ರವಾಸಿಗರು. ಆರ್ವಲ್ ಗೋಡೆಗೆ ಒತ್ತಿಕೊಂಡು ಹತ್ತಿದ. ಆಫೀಸಿನಲ್ಲಿ ಹಲ್ಲು ಎಂದು ಹೇಳಿ ಬಂದಿದ್ದ. ಯಾವ ಹಲ್ಲು ಎಂದು ಯಾರೂ ಕೇಳಿರಲಿಲ್ಲ, ಆದರೂ 'ಮೇಲಿನ ದವಡೆ, ಎಡಗಡೆ' ಎಂದು ತಾನಾಗಿಯೇ ಸೇರಿಸಿದ್ದ. ಕೇಳದ ಪ್ರಶ್ನೆಗೆ ಎಷ್ಟು ಚೊಕ್ಕ ಉತ್ತರ. ಇವತ್ತು ನಲವತ್ತೈದನೆಯ ದಿನ. ಪ್ರಶ್ನೆ ಸಂಖ್ಯೆ ನೂರ ಎಪ್ಪತ್ತಾರು. ಅದು ಮೇಜಿಗೆ ಬಂದ ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ ಹಿಡಿದು ಎಂದಿನಂತೆ ಓದಿಕೊಂಡು ಹೋಗಿದ್ದ. ಶ್ವಾಸಕೋಶದ ಕಾಯಿಲೆಯ ಕೆಲಸಗಾರರಿಗೆ ಕೊಡುವ ಪಿಂಚಣಿಯ ಕುರಿತು: (ಅ) ಕಳೆದ ಮೂರು ವರ್ಷದಲ್ಲಿ ಅರ್ಜಿ ಹಾಕಿ, ಉತ್ತರ ಬರುವ ಮುಂಚೆಯೇ ತೀರಿಕೊಂಡವರೆಷ್ಟು, (ಆ) ಅವರು ಸರಾಸರಿ ಎಷ್ಟು ದಿನ ಕಾದರು, (ಇ) ಸತ್ತ ಮೇಲೆ ಮಂಜೂರಾತಿ ಪತ್ರ ಹೋದದ್ದೆಷ್ಟು ಮಂದಿಗೆ. ಇಲ್ಲಿಯವರೆಗೆ ಸದಸ್ಯರ ಕಚೇರಿಯ ಭಾಷೆ. ನಾಲ್ಕನೆಯದಕ್ಕೆ ಬಂದಾಗ ಕಾಫಿ ಕೆಳಗಿಟ್ಟ. (ಈ) ಅಂಥವರ ಮನೆಗೆ ಇಲಾಖೆಯಿಂದ ಯಾರಾದರೂ ಒಂದು ಫೋನ್ ಮಾಡಿದರೇ. ಇಂಥ ಪ್ರಶ್ನೆಯನ್ನು ಯಾವ ಕಚೇರಿಯೂ ಬರೆಯುವುದಿಲ್ಲ. 'ಒಂದು ಫೋನ್' ಎಂದು ಯಾರೂ ಬರೆಯುವುದಿಲ್ಲ. 'ದೂರವಾಣಿ ಮೂಲಕ ಸಂಪರ್ಕಿಸಲಾಗಿದೆಯೇ' ಎಂದು ಬರೆಯುತ್ತಾರೆ. ಪ್ರಶ್ನೆ ಕೇಳಿದ ಸದಸ್ಯ ಅಣ್ಣನ ಊರಾದ ರೆನ್‌ಫ್ರೂ ಕಡೆಯವನು. ಆ ಸಾಲನ್ನು ಯಾರು ಹೇಳಿ ಬರೆಸಿರಬಹುದೆಂದು ಆರ್ವಲ್‌ಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದುಕೊಂಡು ಮುಂದಿನ ಪ್ರಶ್ನೆ ತೆಗೆದುಕೊಂಡ.

ಕ್ಲೆಮ್ ನಲವತ್ತು ವರ್ಷ ಮರದ ಮಿಲ್ಲಿನ ಹೊಟ್ಟು ಕುಡಿದವನು. ಮಾರ್ಚಿನಲ್ಲಿ ಅರ್ಜಿ ಹಾಕಿದ. ಹಾಕುವ ಮುಂಚೆ ತಮ್ಮನನ್ನು ಕೇಳಲಿಲ್ಲ, ಹಾಕಿದ ಮೇಲೂ ಏಳು ತಿಂಗಳು ಕೇಳಲಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ ಆಫೀಸಿಗೇ ಫೋನ್ ಬಂತು. "ಏನಪ್ಪಾ ಮಂತ್ರಿ, ನನ್ನ ಕಾಗದ ಎಲ್ಲಿವರೆಗೆ ಬಂತು?" ನೆಂಟರ ಕಡತ ಮುಟ್ಟಬಾರದೆಂದು ನಿಯಮವಿದೆ. ಮುಟ್ಟಬೇಕಾಗಿಲ್ಲ, ಯಾರ ಮೇಜಿನ ಮೇಲಿದೆ ಎಂದು ಕೇಳಬಹುದಾಗಿತ್ತು. ಆ ನಿಯಮ ಆಗ ಕೈಗೆ ಸಿಕ್ಕ ಕಂಬಳಿಯ ಹಾಗಿತ್ತು, ಹೊದ್ದುಕೊಂಡ. ಹೊದ್ದದ್ದು ಕಾಣಬಾರದೆಂದು ಬಾಲ ನುಂಗುವ ಮಂತ್ರಿಯ ಗಂಟಲಲ್ಲಿ ಶುರುಮಾಡಿದ: "ಮಾನ್ಯ ಸದಸ್ಯರ ಕಳಕಳಿಯನ್ನ ಸರ್ಕಾರ ಅತ್ಯಂತ ಗಂಭೀರವಾಗಿ… ತಮ್ಮ ಅರ್ಜಿ ಸೂಕ್ತ ಹಂತದಲ್ಲಿ ಸೂಕ್ತ…" ಕ್ಲೆಮ್ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಆರ್ವಲ್ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದ. ಆ ಒಂದು ಗೇಣು ಈಗಲೂ ಅವನ ಬಲಗೈಗೆ ನೆನಪಿದೆ. ಕೊನೆಗೆ ಆ ಕಡೆಯಿಂದ, ಉಸಿರು ಕೂಡಿಸಿಕೊಂಡು, "ಸರಿ ಬಿಡು, ನಿಂಗೆ ಕೆಲಸ ಇರುತ್ತೆ." ನವೆಂಬರ್ ಎರಡಕ್ಕೆ ಕ್ಲೆಮ್ ಹೋದ. ಜನವರಿಯಲ್ಲಿ ಪತ್ರ ಬಂತು, ಕ್ಲೆಮ್ ಹೆಸರಿಗೇ, ಅಭಿನಂದನೆಗಳೊಂದಿಗೆ. ಆ ದಿನ ಆರ್ವಲ್‌ನ ಫೋನಿನಲ್ಲಿ ಬರ್ನಿಸ್‌ಳ ನಂಬರು ಮೂರು ಸಲ ಮೂಡಿತು. ಅದು ಬಡಿದುಕೊಳ್ಳುವುದನ್ನು ನೋಡುತ್ತ ಕೂತ. ನಾಳೆ ಮಾಡೋಣ ಎಂದುಕೊಂಡ. ನಾಳೆ ಭಾನುವಾರ, ಅವಳು ಚರ್ಚಿಗೆ ಹೋಗಿರುತ್ತಾಳೆ. ಸೋಮವಾರ ಕೆಲಸ. ಹಾಗೆ ಒಂದು ವರ್ಷವಾಗಿತ್ತು. ನಡುವೆ ಬಂದ ಡಿಸೆಂಬರಿನಲ್ಲಿ ಟರ್ಕಿ ಊಟಕ್ಕೆ ಯಾರೂ ಕರೆಯಲಿಲ್ಲ, ಮಂತ್ರಿಯನ್ನೂ.

ಗ್ಯಾಲರಿಯಲ್ಲಿ ಹಸಿರು ಗಾದಿಯ ಸಾಲುಗಳು ಖಾಲಿಯಾಗುತ್ತಿದ್ದವು. ಕೆಳಗೆ ಸದಸ್ಯರೂ ಎದ್ದು ಹೋಗುತ್ತಿದ್ದರು, ಮ್ಯಾಚು ಮುಗಿದ ಮೇಲೆ ಹೋಗುವವರ ಹಾಗೆ, ಒಬ್ಬರ ಬೆನ್ನನ್ನೊಬ್ಬರು ತಟ್ಟಿಕೊಂಡು. ಐದು ನಿಮಿಷದ ಹಿಂದೆ ಪರಸ್ಪರ ಕಿರುಚಾಡಿದವರು. ಆರ್ವಲ್ ಹಿಂದಿನ ಸಾಲಿನಲ್ಲಿ ಕೂತು, ಯಾರಾದರೂ ಗುರುತು ಹಿಡಿದಾರು ಎಂದು ಹೆದರಿ, ತನ್ನನ್ನು ಇಲ್ಲಿ ಗುರುತಿಸುವವರು ಒಬ್ಬರೂ ಇಲ್ಲವೆಂದು ತಿಳಿದು, ಅದಕ್ಕೂ ಬೇಸರಪಟ್ಟ.

ಕಳೆದ ಗುರುವಾರ ಅವನ ಮೇಲಧಿಕಾರಿ ಸೊಲಾಂಜ್ ತ್ರೆಪಾನಿಯೆ ಕೋಟು ಹಾಕಿಕೊಳ್ಳುತ್ತಲೇ ಒಳಗೆ ಬಂದಿದ್ದಳು. ಅವನ ಮಗಳ ವಯಸ್ಸಿನವಳು, ಒಳ್ಳೆಯವಳೇ. ಮೇಜಿನ ಮೇಲೆ ಒಂದು ಪಟ್ಟಿ ಇತ್ತು. ಪ್ರಶ್ನೆಯನ್ನು ಹನ್ನೆರಡು ಪ್ರಾದೇಶಿಕ ಕಚೇರಿಗಳಿಗೆ ಕಳಿಸಿದಾಗ ಹನ್ನೊಂದು ಕಚೇರಿ 'ಆರ್ವಲ್ ಪ್ಯಾರಾ'ವನ್ನೇ ಅವನಿಗೆ ವಾಪಸು ಕಳಿಸಿದ್ದವು. ಹನ್ನೆರಡನೆಯದರಲ್ಲಿ ವೆರ್ನಾ ಪೆಲ್ಲಿ ಎಂಬ ಗುಮಾಸ್ತೆ ಇದ್ದಳು. ಅವಳಿಗೆ ಪದ್ಧತಿ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಡವಾಯಿತೋ, ಐದು ವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಪಾಟು ತೆಗೆದು ಕಡತಗಳನ್ನು ಒಂದೊಂದಾಗಿ ಕೈಯಿಂದ ನೋಡಿ, ಗೆರೆ ಎಳೆದ ಕಾಗದದಲ್ಲಿ ಪೆನ್ಸಿಲಿನಿಂದ ಬರೆದು ಕಳಿಸಿದ್ದಳು. ಹೆಸರಿನ ಮೊದಲಕ್ಷರ, ಮನೆತನ, ಊರು, ಅರ್ಜಿಯ ದಿನ, ಸತ್ತ ದಿನ, ಪತ್ರ ಹೋದ ದಿನ. ಅರವತ್ತೊಂದು ಸಾಲು. ಅರ್ಧ ಪುಟ ಇಳಿಯುವಷ್ಟರಲ್ಲಿ 'ಸಿ. ಹ್ಯಾನ್‌ರಾಟಿ, ರೆನ್‌ಫ್ರೂ'. ಎಲ್ಲರಿಗೂ ಕೊಟ್ಟಷ್ಟೇ ಜಾಗ. ಆ ಸಾಲಿನಲ್ಲಿ ಒಂದು ಕಡೆ ರಬ್ಬರಿನಿಂದ ಅಳಿಸಿ ತಿದ್ದಿದ್ದಳು, ತಾರೀಖು ತಪ್ಪಾಗಬಾರದೆಂದು.

"ಚೆನ್ನಾಗಿ ಮಾಡಿದ್ದಾಳೆ ಪಾಪ," ಎಂದಳು ಸೊಲಾಂಜ್. "ಆದ್ರೆ ಆರ್ವಲ್, ಒಂದು ಕಚೇರಿ ಲೆಕ್ಕ ಕೊಟ್ರೆ ಮಿಕ್ಕ ಹನ್ನೊಂದು ಎಲ್ಲಿ ಅಂತಾರೆ. ಇದು ಅಪೂರ್ಣ ಅಲ್ವಾ?"

"ಅಪೂರ್ಣ."

"ಅಪೂರ್ಣ ಕೊಟ್ರೆ ತಪ್ಪುಕಲ್ಪನೆ ಆಗುತ್ತೋ ಇಲ್ವೋ?"

"ಆಗಬಹುದು."

"ನೋಡಿ. ನಾನೇನೂ ಹೇಳ್ತಿಲ್ಲ, ನೀವೇ ಬರೆದಿದ್ದು." ಅವಳು ನಕ್ಕಳು, ಅದರಲ್ಲಿ ಗೌರವವೇ ಇತ್ತು. "ಬೇರೆ ಏನಾದ್ರೂ ತೊಂದರೆ ಇದ್ಯಾ? ಹೇಳಿ, ಇದ್ರೆ ಮೇಲಕ್ಕೆ ತಗೊಂಡು ಹೋಗೋಣ."

ಆಗ ಹೇಳಬಹುದಿತ್ತು. ಪಟ್ಟಿಯಲ್ಲಿ ನನ್ನ ಅಣ್ಣ ಇದ್ದಾನೆ ಎಂದು ಹೇಳಿದ್ದರೆ ಅವಳು ಕೋಟು ಬಿಚ್ಚಿ ಕೂರುತ್ತಿದ್ದಳು. ಕಾಗದ ಬೇರೆಯವರ ಕೈಗೆ ಹೋಗುತ್ತಿತ್ತು. ಯಾರಾದರೂ ಅರವತ್ತೊಂದನ್ನು, ಕೆಳಗೊಂದು ಅಡಿಟಿಪ್ಪಣಿ ಹಾಕಿಯಾದರೂ, ಉಳಿಸುತ್ತಿದ್ದರೇನೋ. ಆದರೆ ಆಮೇಲೆ ಅವಳು ಮೃದುವಾಗಿ ಕೇಳುತ್ತಿದ್ದಳು: ನಿಮಗೆ ಆಗಲೇ ಗೊತ್ತಿರಲಿಲ್ವಾ ಆರ್ವಲ್, ನೀವು ಇಲ್ಲೇ ಇದ್ರಲ್ಲ? ಆ ಮೃದುತ್ವಕ್ಕೆ ಹೆದರಿ "ಏನೂ ಇಲ್ಲ," ಎಂದ. ಅವಳು ಇನ್ನೊಂದು ಹಾಳೆ ಮುಂದಿಟ್ಟಳು. ಉತ್ತರದ ಜೊತೆ ಹೋಗುವ ದೃಢೀಕರಣ. ನಾಳೆಯಿಂದ ಅವಳಿಗೆ ತರಬೇತಿ, ಅವಳ ಜಾಗದಲ್ಲಿ ಹಿರಿಯನಾಗಿ ಅವನೇ ಸಹಿ ಮಾಡಬೇಕು: ಈ ಉತ್ತರವು ನನಗೆ ತಿಳಿದಮಟ್ಟಿಗೆ ಸಂಪೂರ್ಣವಾಗಿರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅವನ ಹೆಸರು ಕೇಳಿದ ಮೊದಲ ಕಾಗದ. ಇಂಗ್ಲಿಷ್ ಸಹಿಯ ಎರಡು ಟಿ-ಗಳಿಗೂ ಒಂದೇ ಅಡ್ಡಗೆರೆ ಎಳೆದ, ಕ್ಲೆಮ್ ಎಳೆಯುತ್ತಿದ್ದ ಹಾಗೆಯೇ. ಇಬ್ಬರಿಗೂ ಅದನ್ನು ಕಲಿಸಿದ್ದು ಅಪ್ಪ.

ಶುಕ್ರವಾರ ವೆರ್ನಾ ಫೋನ್ ಮಾಡಿದಳು. "ಹ್ಯಾನ್‌ರಾಟಿ ಅವ್ರಾ? ನಾನು ವೆರ್ನಾ, ಆ ಪೆನ್ಸಿಲ್ ಪಟ್ಟಿಯವಳು. ಬೈಬೇಡಿ, ಅದು ಅರವತ್ತೊಂದಲ್ಲ ಕಣ್ರೀ, ಅರವತ್ತೆರಡು. ಒಂದು ಫೈಲು ಬೇರೆ ಡ್ರಾಯರಿಗೆ ಹೋಗ್ಬಿಟ್ಟಿತ್ತು. ಹೆಂಗಸು, ಪೆಂಬ್ರೋಕಿನವ್ರು. ಬಿಟ್ಟುಹೋದ್ರೆ ಪಾಪ ಅಲ್ವಾ?" ಆರ್ವಲ್ "ತಿದ್ದಿಕೊಳ್ತೀನಿ," ಎಂದ. ಎಲ್ಲಿಗೂ ಹೋಗದ ಆ ಪಟ್ಟಿಯನ್ನು ಡ್ರಾಯರಿನಿಂದ ತೆಗೆದು, ನಿಜಕ್ಕೂ, ಕೊನೆಯಲ್ಲಿ ಒಂದು ಸಾಲು ಸೇರಿಸಿದ. ಪೆನ್ಸಿಲಿನಿಂದಲೇ. "ಅಂದ ಹಾಗೆ," ಎಂದಳು ವೆರ್ನಾ, "ರೆನ್‌ಫ್ರೂನಲ್ಲಿ ಒಬ್ರು ಹ್ಯಾನ್‌ರಾಟಿ ಇದ್ರು. ನಿಮ್ಮ ಕಡೆಯವ್ರಾ?" "ಆ ಕಡೆ ಕಣಿವೆ ತುಂಬ ಹ್ಯಾನ್‌ರಾಟಿಗಳೇ ಕಣ್ರೀ," ಎಂದು ನಕ್ಕ ಆರ್ವಲ್. ಅವಳೂ ನಕ್ಕಳು. ಯಾವ ಮಂತ್ರಿಯ ಗಂಟಲೂ ಬೇಕಾಗಿರಲಿಲ್ಲ ಆ ಮಾತಿಗೆ. ಅಷ್ಟು ಸಲೀಸಾಗಿ ಬಂತು.

ಕೆಳಗೆ ಸಭಾಧ್ಯಕ್ಷರು ಏನೋ ಹೇಳಿದರು. ಸಮಿತಿಯ ವರದಿ, ಯಾರದೋ ಅರ್ಜಿ. ಇಡೀ ಸಭೆಯಲ್ಲಿ ಹದಿನೈದು ಮಂದಿ; ಒಬ್ಬಳು ಬೂಟು ಕಳಚಿ ಕಾಲು ಉಜ್ಜಿಕೊಳ್ಳುತ್ತಿದ್ದಳು. ಗ್ಯಾಲರಿಯ ಮೊದಲ ಸಾಲಿನಲ್ಲಿ ಒಂದೇ ಒಂದು ತಲೆ. ಕಂದು ಉಡುಪು. ಆ ಉಡುಪನ್ನು ಅವನು ನೋಡಿದ್ದಾನೆ, ಅಣ್ಣನನ್ನು ಕಳಿಸಿಕೊಟ್ಟ ನವೆಂಬರಿನ ಚರ್ಚಿನಲ್ಲಿ, ಮುಂದಿನ ಬೆಂಚಿನಲ್ಲಿ, ಹೀಗೆಯೇ ಬೆನ್ನಿನ ಕಡೆಯಿಂದ. ಎದ್ದು ಹೋಗಿಬಿಡಬೇಕೆಂದು ಕಾಲಿಗೆ ಅನ್ನಿಸಿತು. ಕಾಲು ಎದ್ದಿತು, ಆದರೆ ಮೆಟ್ಟಿಲು ಹತ್ತುವ ಬದಲು ಇಳಿಯಿತು.

"ಓಹೋ," ಎಂದಳು ಬರ್ನಿಸ್, ತಿರುಗದೆಯೇ, ಪಿಸುದನಿಯಲ್ಲಿ. "ಮಂತ್ರಿಗಳು ಖುದ್ದಾಗಿ ಬಂದ್ಬಿಟ್ರು."

"ಬಸ್ಸಲ್ಲಿ ಬಂದ್ಯಾ?"

"ಇಲ್ಲ, ನಾಯಿ ಎಳೆಯೋ ಹಿಮದ ಬಂಡೀಲಿ." ಅವಳ ಮಡಿಲಲ್ಲಿ ಪ್ರಶ್ನೆಯ ಪ್ರತಿ ಇತ್ತು, ಸದಸ್ಯನ ಕಚೇರಿಯವರು ಕೊಟ್ಟದ್ದು, ನಾಲ್ಕನೆಯದರ ಪಕ್ಕ ಲಿಪ್‌ಸ್ಟಿಕ್ಕಿನ ಬಣ್ಣದ ಗುರುತು. "ಪೆನ್ನು, ಚೀಲ, ಸ್ಯಾಂಡ್‌ವಿಚ್ಚು, ಎಲ್ಲ ಕೆಳಗೇ ಕಿತ್ಕೊಂಡ್ರು. ಮೊಟ್ಟೆ ಸ್ಯಾಂಡ್‌ವಿಚ್ಚಿಂದ ಯಾರನ್ನ ಹೊಡೀತೀನಿ ನಾನು? ಕೂತ್ಕೋ. ಈಗ ಓದ್ತಾರಂತೆ."

ಅವನು ಕೂತ. ಓದುವುದಿಲ್ಲ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಸರ್ಕಾರದ ಕಡೆಯ ಎಳೆಯ ಕಾರ್ಯದರ್ಶಿಯೊಬ್ಬ ಎದ್ದು ನಿಂತ, ಇನ್ನೂ ಏನನ್ನೋ ಜಗಿಯುತ್ತ. ಬರ್ನಿಸ್ ಮುಂದಕ್ಕೆ ಬಾಗಿ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಳು. "ಸಭಾಧ್ಯಕ್ಷರೇ, ಈ ಕೆಳಗಿನ ಪ್ರಶ್ನೆಗಳಿಗೆ ಇಂದು ಉತ್ತರಿಸಲಾಗುವುದು: ಸಂಖ್ಯೆ ನೂರ ಎಪ್ಪತ್ತೊಂದು, ನೂರ ಎಪ್ಪತ್ತನಾಲ್ಕು, ನೂರ ಎಪ್ಪತ್ತಾರು ಮತ್ತು ನೂರ ಎಂಬತ್ತು. ಉಳಿದ ಪ್ರಶ್ನೆಗಳು ಹಾಗೆಯೇ ನಿಲ್ಲಲೆಂದು ಕೋರುತ್ತೇನೆ." "ಒಪ್ಪಿಗೆಯೇ?" ಎಂದರು ಸಭಾಧ್ಯಕ್ಷರು. "ಒಪ್ಪಿಗೆ," ಎಂದಿತು ಕೆಳಗಿನಿಂದ ಒಂದು ಧ್ವನಿ, ಬೂಟು ಹಾಕಿಕೊಳ್ಳುತ್ತ. ಹುಡುಗ ಕೂತ.

ಬರ್ನಿಸ್ ಬಾಗಿದವಳು ಬಾಗಿಯೇ ಇದ್ದಳು. "ಈಗಾ?"

"ಆಯ್ತು, ಬರ್ನಿಸ್."

"ಏನು ಆಯ್ತು?"

"ಓದಲ್ಲ. ಮೇಜಿನ ಮೇಲಿಟ್ರೆ ಓದಿದ ಹಾಗೆ. ಆಮೇಲೆ ಅಚ್ಚಾಗುತ್ತೆ."

"ಯಾರು ಓದಿದ ಹಾಗೆ?" ಅವಳು ನೆಟ್ಟಗಾದಳು. ಎರಡು ಗಂಟೆ ಬಸ್ಸಿನಲ್ಲಿ ಕೂತು ಬಂದ ಬೆನ್ನು ನೆಟ್ಟಗಾಗುವಾಗ ಒಂದು ಸಣ್ಣ ಸದ್ದು ಬಂತು. "ನಿಂಗೆ ಗೊತ್ತಾ ಅದ್ರಲ್ಲಿ ಏನಿದೆ ಅಂತ?"

"ಗೊತ್ತು."

"ಹಾಗಾದ್ರೆ ಹೇಳು."

ಹೇಳಿದ. ಇಪ್ಪತ್ತು ವರ್ಷ ಬರೆದದ್ದನ್ನು ಒಮ್ಮೆಯೂ ಬಾಯಲ್ಲಿ ಹೇಳಿರಲಿಲ್ಲ ಎಂಬುದು ಮೊದಲ ಸಾಲಿನಲ್ಲೇ ತಿಳಿಯಿತು. ಕೇಳಿರುವ ಮಾಹಿತಿಯನ್ನು ಇಲಾಖೆಯು. ಕಡತಗಳನ್ನು ಒಂದೊಂದಾಗಿ ಕೈಯಿಂದ. ಬರೆದಾಗ ಕಲ್ಲಿನ ಹಾಗಿದ್ದ ಮಾತು ಬಾಯಲ್ಲಿ ಬೆಂದ ಬಟಾಟೆಯ ಹಾಗೆ ಪುಡಿಯಾಗುತ್ತಿತ್ತು. 'ಕೈಯಿಂದ' ಎನ್ನುವಲ್ಲಿ ಒಂದು ರಬ್ಬರಿನ ಗುರುತು ಕಣ್ಣಿಗೆ ಬಂತು. ಆದರೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಇನ್ನೇನಾದರೂ ಹೇಳಬೇಕಾಗುತ್ತಿತ್ತು. ಸಂಭವವಿದೆ ಎಂಬಲ್ಲಿಗೆ ಮುಗಿಸಿದ.

ಬರ್ನಿಸ್ ಕೊನೆತನಕ ಕೇಳಿದಳು. ಮೇಜಿನ ತುದಿಯಲ್ಲಿ ಕರವಸ್ತ್ರ ಹಿಡಿದು ಕಾಯುವಾಗ ಕೇಳುತ್ತಿದ್ದ ಹಾಗೆಯೇ, ತಲೆ ಒಂದು ಕಡೆ ವಾಲಿಸಿ. "ಇದು ಯಾವ ಮಂತ್ರಿದು?" ಎಂದಳು. "ಕೆಮ್ಮೋನದಾ, ನುಂಗೋನದಾ?"

"ಯಾರದ್ದೂ ಅಲ್ಲ."

"ಮತ್ತೆ?"

"ನಂದೇ."

ಅವಳು ಅವನ ಕಡೆ ತಿರುಗಿ, ಮೊದಲ ಸಲ ಎನ್ನುವಂತೆ, ಅವನ ಬಾಯಿಯನ್ನು ನೋಡಿದಳು. "ಹೀಗಿದ್ಯಾ ನಿನ್ನ ಧ್ವನಿ," ಎಂದಳು. "ನಲವತ್ತು ವರ್ಷದಿಂದ ಕೇಳೇ ಇರಲಿಲ್ಲ ನೋಡು." ಆಮೇಲೆ ಮಡಿಲಿನ ಕಾಗದದ ಮೇಲೆ ಬೆರಳಿಟ್ಟಳು. "ಈ ನಾಲ್ಕನೇದಕ್ಕೆ?"

"ಅದಕ್ಕೂ ಅದೇ."

"ಅದೇನಾ." ಕಾಗದವನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಚಿದಳು, ಇನ್ನು ಮಡಚಲಾಗದಾಗ ಉಡುಪಿನ ತೋಳಿನೊಳಗೆ ತುರುಕಿಕೊಂಡಳು. "ಅದರ ಉತ್ತರ ನಂಗೆ ಗೊತ್ತಿಲ್ಲ ಅಂತ ಕೇಳಿದ್ನೇನೋ? ಫೋನ್ ಪಕ್ಕದಲ್ಲಿ ಕೂತಿದ್ದವಳು ನಾನು. ಇಲ್ಲ ಅಂತ ಬರೆದಿದ್ರೆ ಸಾಕಾಗಿತ್ತು, ಆರ್ವಲ್. ಸರ್ಕಾರ ಬರೆದು ಕೊಟ್ಟಿದೆ ಅಂತ ಅವನ ಫೋಟೋ ಹಿಂದೆ ಸಿಗಿಸಿ ಇಡ್ತಿದ್ದೆ. ಒಂದು ಪದ."

ಅವಳು ಎದ್ದಳು. ಬಸ್ ನಿಲ್ದಾಣದವರೆಗೆ ಬರ್ತೀನಿ, ಹೊರಗೆ ಸೊನ್ನೆಗಿಂತ ಇಪ್ಪತ್ನಾಲ್ಕು ಕೆಳಗಿದೆ, ಕಾಲುವೆ ಕಡೆ ಗಾಳಿ ಜೋರು ಎಂದೆಲ್ಲ ಅವನು ಒಟ್ಟಿಗೆ ಹೇಳತೊಡಗಿದ. ಬರ್ನಿಸ್ ಅವನ ಭುಜದ ಮೇಲೆ ಕೈಯಿಟ್ಟಳು, ಒತ್ತಿ ಕೂರಿಸುವಷ್ಟು ಮಾತ್ರ.

"ಸರಿ ಬಿಡು," ಎಂದಳು. "ನಿಂಗೆ ಕೆಲಸ ಇರುತ್ತೆ."

ಅವಳು ಅಣಕಿಸಲಿಲ್ಲ. ಅವಳಿಗೆ ಅಣಕಿಸಲು ಬರುವುದಿಲ್ಲ. ನಲವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಮಾತಾಡಿಕೊಂಡವರ ಮಾತು ಹಾಗಾಗುತ್ತದೆ, ಅಷ್ಟೆ. ಆದರೆ ಆ 'ಬಿಡು'ವಿನ ಹಿಂದಿನ ಉಸಿರು, 'ಇರುತ್ತೆ'ಯ ಕೊನೆಯಲ್ಲಿ ಮುಖ ಬೇರೆಡೆ ತಿರುಗಿಸುವುದು, ಅಣ್ಣನ ಮಾತಿನಲ್ಲಿ ಅವನಿಗೆ ಎಂದೂ ಸಿಗದ ಆ ಕೊಕ್ಕೆ, ಅಲ್ಲಿತ್ತು. ಅವಳ ಬೂಟುಗಳು ಮೆಟ್ಟಿಲು ಹತ್ತಿದವು, ಬಾಗಿಲು ಒಮ್ಮೆ ಉಸಿರೆಳೆದು ಮುಚ್ಚಿಕೊಂಡಿತು. ಕೆಳಗೆ ಗುಮಾಸ್ತನೊಬ್ಬ ಮೇಜಿನ ಮೇಲಿನ ಕಾಗದಗಳ ಅಂಚು ತಟ್ಟಿ ಸಮ ಮಾಡಿ ಎತ್ತಿಕೊಂಡು ಹೋದ. ಆರ್ವಲ್ ಕಂಬಿಯ ಮೇಲೆ ಎರಡೂ ಕೈ ಇಟ್ಟು, ಯಾವ ಗಂಟಲೂ ಹುಡುಕಿಕೊಳ್ಳದೆ, "ಇಲ್ಲ," ಎಂದ. ಸಾಕಷ್ಟು ಗಟ್ಟಿಯಾಗಿಯೇ ಅಂದಿರಬೇಕು. ಕೆಳಗೆ ಯಾರೂ ತಲೆಯೆತ್ತಲಿಲ್ಲ. ಬಾಗಿಲ ಬಳಿಯ ಸೇವಕ ಮಾತ್ರ ಅವನ ಕಡೆ ನೋಡಿ, ಗ್ಯಾಲರಿಯಲ್ಲಿ ಕೂತವರು ಮಾತಾಡುವಂತಿಲ್ಲವೆಂದು, ತುಟಿಯ ಮೇಲೆ ಬೆರಳಿಟ್ಟ.